ಏಳು ಮಾರು ಕೆಸರು

ಇಳಿತದ ಹೊತ್ತು. ಅಘನಾಶಿನಿಯ ಹೊಟ್ಟೆ ಬಯಲಾಗಿತ್ತು.
ಕೊಳವೆ ಹಿಡಿದವರು ನಾಲ್ವರು, ಐದನೆಯವ ನಾನು,
ದೋಣಿ ನನ್ನದು ಎಂಬ ಒಂದೇ ಕಾರಣಕ್ಕೆ.
ಮೊಣಕಾಲ ಮಟ ಹೂತುಕೊಂಡು
ಒತ್ತಿದೆವು, ತಿರುವಿದೆವು, ಮತ್ತೆ ಒತ್ತಿದೆವು.
ಎಳೆದಾಗ ಹೊಳೆ ಬಾಯಿ ಚಪ್ಪರಿಸಿತು.

ಮೊದಲ ಮಾರು ಕರಿ ರಾಡಿ, ಗುಟ್ಕಾ ಚೀಟಿನ ಚೂರು.
ಕೆಳಗೆ ಬಳಚು, ಒತ್ತೊತ್ತಾಗಿ,
ಯಾರ ಬುಟ್ಟಿಗೂ ಬೀಳದೆ
ಬಾಯಿ ಮುಚ್ಚಿಕೊಂಡೇ ಸತ್ತದ್ದು.
ಬೆರಳಗಲ ಕೆಂಪು ಹೊಯ್ಗೆ:
ಯಾವುದೋ ನೆರೆ, ಒಂದೇ ರಾತ್ರಿಯದು.
ಮತ್ತೆ ರಾಡಿ. ಮತ್ತೆ ರಾಡಿ.
ಆರನೆಯ ಮಾರಿನಲ್ಲಿ ಒಂದು ಕಾಂಡ್ಲದೆಲೆ
ಕಂದಾಗಿ ಬಂತು,
ಗಾಳಿ ತಾಕಿದ್ದೇ ಕಣ್ಣೆದುರು ಕಪ್ಪಾಯಿತು.
ತಳದಲ್ಲಿ ಉರುಟು ಕಲ್ಲು.
ಸಿಹಿನೀರು ಉರುಳಿಸಿದ್ದು, ಉಪ್ಪನ್ನು ಕಾಣದ್ದು.

ಕಚ್ಛದ ಕಡೆಯ ಹುಡುಗಿ, ಸರ್ವೇಯವಳು,
ಕನ್ನಡವನ್ನು ಮುರಿದು ಮುರಿದು ಹೇಳಿದಳು:
ಇದು ಕಣಿವೆ. ಕಡಲು ಆಗ ಎಷ್ಟೋ ಆಚೆ.
ಏರಿ ಬಂತು, ಮುಳುಗಿಸಿತು,
ಅಂದಿನಿಂದ ತುಂಬುತ್ತಲೇ ಇದೆ.
ನಮ್ಮಲ್ಲಿ ಮಳೆ ಇಲ್ಲ, ನದಿ ಬರಿಗೈ,
ಕಡಲೇ ಅಳಿವೆಯಿಂದ ಒಳಗೆ ತುರುಕಬೇಕು.
ಅರ್ಧ ತುಂಬಿದ ಕಣಜದ ಹಾಗೆ ಬಿದ್ದಿರುತ್ತವೆ.

ಮಾಸ್ತಮ್ಮ ಬಳಚಿನ ಬುಟ್ಟಿ ಇಳಿಸಿದಳು.
"ದೀಪಾವಳಿ ಕಳೆದ್ರೆ ಇದೂ ಬರಿಗೈಯೇ ತಂಗೀ.
ಭರತ ಬಂದ್ರೆ ಉಪ್ಪು ಮಿರ್ಜಾನ್ ದಾಟ್ತದೆ.
ನಮ್ಮತ್ತೆ ಕಾಲಕ್ಕೆ ಇಲ್ಲಿ ಬಿದಿರ ಗಳ ಮುಳುಗ್ತಿತ್ತು,
ಈಗ ನಾನು ಕೂತ್ಕಂಡೇ ಹೆಕ್ತೆ.
ಎಲ್ಲ ತುಂಬಿದ್ ಮೇಲೆ ಹೊಳೆ ಎಲ್ಲಿಗೆ ಹೋಗ್ತು?"

ಹುಡುಗಿ ಪುಸ್ತಕದಲ್ಲಿ ಏನೋ ಬರೆದುಕೊಂಡಳು.
ಕೊಳವೆಗಳಿಗೆ ಚೀಟಿ ಅಂಟಿಸಿ
ಮಲಗಿದ ಮಕ್ಕಳನ್ನು ಎತ್ತುವಂತೆ ಎತ್ತಿ ಜೀಪಿಗಿಟ್ಟರು.
ಉರುಟು ಕಲ್ಲು ಕೇಳಿದಳು ಮಾಸ್ತಮ್ಮ,
ಬಲೆಯ ಅಂಚಿಗೆ ಕಟ್ಟಲು. ಕೊಡಲಿಲ್ಲ.
ನಕ್ಕಳು. ಬುಟ್ಟಿ ಸೊಂಟಕ್ಕೇರಿತು.

ಸಾವಿರ ವರ್ಷಕ್ಕೆ ಒಂದು ಮಾರು ಅಂದಿದ್ದಳಲ್ಲ,
ರಾತ್ರಿ ಚಾಪೆಯ ಮೇಲೆ ಲೆಕ್ಕ ಹಾಕಿದೆ.
ನನ್ನ ಅರವತ್ತಕ್ಕೆ ಅರ್ಧ ಗೇಣು.
ಅದರಲ್ಲೇ ಎರಡು ದೋಣಿ, ಒಂದು ಮದುವೆ,
ಅಳಿವೆಯಲ್ಲಿ ಮಗುಚಿದ ತಮ್ಮ ಜಟ್ಟು.
ಬೆರಳು ಚಾಚಿ ನೋಡಿದೆ. ಅಷ್ಟೇ.

ಮರುದಿನ ತೂತು ಹುಡುಕಿಕೊಂಡು ಹೋದೆ.
ಎರಡು ಭರತ ಬಂದು ಹೋಗಿದ್ದವು.
ಕಾಲಲ್ಲಿ ತಡವಿದೆ,
ಒಂದು ಕಡೆ ಕೆಸರು ತುಸು ಮೆತ್ತಗಿತ್ತು,
ಅದೋ, ಬೇರೆ ಯಾವುದೋ.
ಏಡಿಯೊಂದು ಅಲ್ಲೇ ಮನೆ ತೋಡುತ್ತಿತ್ತು.