ಹದಿಮೂರನೇ ನಂಬರಿನ ಬೂಟು

ತಪ್ಪಾತೋ ಇಲ್ಲೋ ಅಂತ ಕೇಳತಾರ
ಚಾದಂಗಡ್ಯಾಗ, ತೂಕದ ಕಟ್ಟಿ ಮ್ಯಾಲ,
ಟೆಂಡರ್ ತೆರಿಯೂತನಕ ಮಂದಿಗೆ ಬ್ಯಾರೆ ಕೆಲಸಿಲ್ಲ.
ನಾನು ಬ್ಯಾಡಗಿ ಯಾರ್ಡಿನ ದಲಾಲಿ ಅಂಗಡಿ ಗುಮಾಸ್ತ,
ಸಂಜಿ ಆರರ ಮ್ಯಾಲ
ನಮ್ಮೂರ ಬಾಸ್ಕೆಟ್‌ಬಾಲ್ ತಂಡದ ಖಜಾಂಚಿ.
ಎರಡೂ ಕಡೆ ನಂದು ಒಂದೇ ಪೆನ್ನು.

ಕೊಟ್ಟದ್ದು: ಫಕ್ಕೀರೇಶ ಬಾರ್ಕಿ.
ಐದು ಫೂಟು ಐದಿಂಚು.
ಚೆಂಡು ಅವನ ಬೆನ್ನ ಹತ್ತಿ
ಸಾಕಿದ ಕುನ್ನಿ ಹಂಗ ಬರತಿತ್ತು.
ತಗೊಂಡದ್ದು: ರಾಣೆಬೆನ್ನೂರಿನ ದಸ್ತಗೀರ ಮುಳಗುಂದ.
ಆರು ಫೂಟು ಐದು.
ಬಾಗಲಕ್ಕ ಬಗ್ಗತಿದ್ದ, ಫ್ಯಾನಿಗೆ ಬಗ್ಗತಿದ್ದ,
ಸಣ್ಣ ಹುಡುಗರು ಮಾತಾಡಿಸಿದ್ರ
ಅವರ ಬಾಯಿಮಟ ಬಗ್ಗತಿದ್ದ.

ಬಣ್ಣ ನೋಡಿ ಟೆಂಡರ್ ಹಾಕಿದಿರಿ,
ಖಾರ ನೋಡಲಿಲ್ಲ ಅಂತಾರ ಈಗ.
ಬ್ಯಾಡಗ್ಯಾಗ ನಿಂತು ಆಡೂ ಮಾತ ಇದು?
ನಾವು ಉಣ್ಣೂದ ಬಣ್ಣದ ಮ್ಯಾಲ.
ಖಾರ ಬೇಕಾದಾವ ಗುಂಟೂರಿನ ಬಸ್ ಹತ್ತಲಿ.

ಮೊದಲ ನಾಕು ಪಂದ್ಯದಾಗ
ಬೋರ್ಡಿಗೆ ಬಡದು ತಿರುಗಿದ ಚೆಂಡೆಲ್ಲಾ ಅವಂದ.
ಮಗ್ಗಲು ಮನಿ ಅಟ್ಟದಾಗಿಂದ ಉಳ್ಳಾಗಡ್ಡಿ ತಗದಂಗ
ಆರಾಮ ತಗೀತಿದ್ದ.
ಐದನೇದ್ರಾಗ ಗೊತ್ತಾತು:
ಅವನ ತನಕ ಚೆಂಡು ಒಯ್ಯಾವ್ರು ಯಾರು?
ಒಯ್ಯಾವನ್ನ ಕೊಟ್ಟ ಅಲ್ಲೇನು ಇವನ್ನ ತಂದದ್ದು!
ಇಪ್ಪತ್ತರ ಮಗ್ಗಿ ತಿರುವಿ ಹಾಕತೀನಿ ನಾನು,
ಈ ಲೆಕ್ಕ ಹೊಳೀಲಿಲ್ಲ.
ಸಾವಕಾರ ಗದಿಗೆಪ್ಪನವರಿಗೂ ಹೊಳೀಲಿಲ್ಲ.
ಅವರು ಉದ್ದ ಕಂಡರ ಸಾಕು, ಕೈ ಎತ್ತಾವ್ರು.

ಆಮ್ಯಾಲ ಹಾವೇರಿ ಮೈದಾನ.
ಹಾರಿದ, ಇಳದ,
ಎಡಮೊಣಕಾಲು ಟಕ್ ಅಂತು.
ಮೂರನೇ ಸಾಲಿನ್ಯಾಗ ಕುಂತ ನಂಗ ಕೇಳಿಸ್ತು.

ಕರಾರಿನ ಪ್ರಕಾರ ಕೊಡೂದಿತ್ತು ಅರವತ್ತು ಸಾವಿರ.
ಮೂವತ್ತೆಂಟಕ್ಕ ಬಾಯಿ ಮುಚ್ಚಿ, ಕಾಗದ ಹರದು,
'ಇನ್ನ ನೀ ಯಾರಿಗೆ ಬೇಕಾದ್ರ ಆಡಪಾ' ಅಂದಿವಿ.
ಯಾರಿಗೆ ಆಡತಾನ, ಕಾಲs ಇಲ್ಲದ್ದು?
ಉಳದ ಇಪ್ಪತ್ತೆರಡು ಸಾವಿರಕ್ಕ
ಬಂಕಾಪುರದ ಇಬ್ಬರು ಹುಡುಗರು ಬಂದರು.
ಒಬ್ಬ ಆಡತಾನ.
ಇನ್ನೊಬ್ಬಗ ಬಾಯಿ ಐತಿ.

ಹಂಗಾದ್ರ ತಪ್ಪಾ?
ಆ ವರ್ಷ ನಮಗ ಮೂರನೇ ಸ್ಥಾನ. ಹಿಂದಿನ ವರ್ಷಾನೂ ಮೂರನೇದ.
ಫಕ್ಕೀರೇಶ ಅಲ್ಲಿ ರಾಣೆಬೆನ್ನೂರಿನ್ಯಾಗ
ಬೆಂಚಿನ ಮ್ಯಾಲ ನೀರಿನ ಬಾಟಲಿ ಮುಚ್ಚಳ ತಿರುವಕೋತ ಕುಂತಾನ.
ಅವರಿಗೂ ಲಾಭಿಲ್ಲ, ನಮಗೂ ಲುಕ್ಸಾನಿಲ್ಲ.
ಇಂಥಾ ವ್ಯಾಪಾರ ಯಾರ್ಡಿನ್ಯಾಗ ದಿನಾ ನೂರು ಆಗತಾವು,
ಹಮಾಲರೂ ತಿರುಗಿ ನೋಡೂದಿಲ್ಲ.

ಆದ್ರ ಸಹಿ ಮಾಡಿದ ದಿನ
ನಾನs ನೆನಪ ಮಾಡಿದೆ:
'ತಂಡದ ಸಾಮಾನು ವಾಪಸ್ ಮಾಡಬೇಕ್ರಿ. ಬೂಟೂ ತಂಡದ್ದs.'
ನಿಯಮ ಐತಿ. ನಾನs ಬರದದ್ದು, ನನ್ನ ಅಕ್ಷರ ಚಂದ.
ಅವ ಏನೂ ಅನಲಿಲ್ಲ.
ಲಾಡಿ ಬಿಚ್ಚಾಕ ಬಗ್ಗಿದ.
ಮೊಣಕಾಲು ಮಡಚಲಿಲ್ಲ.
ಮತ್ತ ಬಗ್ಗಿದ.
ಕುರ್ಚಿ ಕಿರ್ ಅಂತು, ನಾನು ಪೆನ್ನು ಹಿಡಕೊಂಡ ಕುಂತಿದ್ದೆ.
ಕಡೀಕ ಕಾಲು ಚಾಚಿದ,
ಚಾ ತಂದ ಹುಡುಗ ಎಳದು ತಗದ.
ಸಾಕ್ಸಿನ ಹೆಬ್ಬಟ್ಟಿನ್ಯಾಗ ತೂತಿತ್ತು.
ಪಾವಟಿಗಿ ಒಂದೊಂದs ಇಳದು ಹೋದ,
ಬಿಸಲಿಗೆ ಹರವಿದ ಕಾಯಿ ತುಳೀದಂಗ
ಸುತ್ತ ಹಾಕಿ.

ಹದಿಮೂರನೇ ನಂಬರು.
ಈ ತಾಲೂಕಿನ್ಯಾಗ ಯಾವ ಕಾಲಿಗೂ ಹತ್ತೂದಿಲ್ಲ.
ಜಮಾಕ್ಕ ಬರಿಯಾಕ ಬರೂದಿಲ್ಲ, ಖರ್ಚಿಗೂ ಬರೂದಿಲ್ಲ.
ಕಪಾಟದಾಗ ಕೀರ್ದಿ ಪುಸ್ತಕದ ಮಗ್ಗಲಕ್ಕ ಅದಾವು,
ಮೆಣಸಿನಕಾಯಿ ಧೂಳು ತುಂಬಿ ಕೆಂಪಾಗ್ಯಾವು.

ತಪ್ಪಾತೋ ಇಲ್ಲೋ ಅಂತ ಇವತ್ತೂ ಕೇಳಿದರು.
ಲೆಕ್ಕಾ ತೋರಸಬೇಕಂತ ಕಪಾಟ ತಗದೆ.
ಒಂದು ಸೀನು ಬಂತು.
ಒಂಟಿ ಸೀನಿಗೆ ಏಳಬಾರದು ಅಂತಾರ ಹಿರಿಯಾರು,
ಎರಡನೇದಕ್ಕ ಕಾಯಕೋತ
ಅಲ್ಲೇ ನಿಂತೀನಿ.