ಎರಡೂವರೆ ತಾಸು

ಪಾಸಾಗಲು ನಲವತ್ತು ತಾಸು ಸೇವೆ ಬೇಕು.
ನನ್ನ ಹಾಳೆಯಲ್ಲಿ ಇದ್ದದ್ದು ಹನ್ನೊಂದೂವರೆ:
ಚರ್ಚಿನ ನೆಲಮಾಳಿಗೆಯಲ್ಲಿ ಸೂಪಿಗೆ ಈರುಳ್ಳಿ ಹೆಚ್ಚಿದ್ದು,
ಮಾಮೀ ನದಿಯ ದಂಡೆಯಲ್ಲಿ ಬಾಟಲಿ ಆಯ್ದದ್ದು,
ಮತ್ತೆ, ಮನೆಯಲ್ಲೇ ಮಲಗಿದ್ದ ಒಂದು ಶನಿವಾರದ
ನಾಲ್ಕು ತಾಸು.

ನವೆಂಬರಿನ ಹೊತ್ತಿಗೆ ಮಿಕ್ಕ ಪಟ್ಟಿಗಳೆಲ್ಲ ಭರ್ತಿ.
ಉಳಿದದ್ದು ಬ್ರದರ್ ಆನ್ಸೆಲ್ಮರ ಬಾಗಿಲಿಗೆ
ಅಂಟಿಸಿದ ಹಳದಿ ಚೀಟಿ ಒಂದೇ:
ಹೊರುವವರಿಲ್ಲದವರಿಗೆ ಹೆಗಲು.
ಒಂದಕ್ಕೆ ಎರಡೂವರೆ ತಾಸು. ಕಪ್ಪು ಟೈ ಕಡ್ಡಾಯ.

ಹೆಗಲು ಅಂತ ಬರೆದಿತ್ತು, ಹೊರುವುದು ಕೈಯಲ್ಲೇ.
ಜಿಮ್ಮಿನಲ್ಲಿ ತಾಲೀಮು.
ಪೆಟ್ಟಿಗೆಯೊಳಗೆ ಕುಸ್ತಿಯ ಚಾಪೆ ಸುರುಳಿ ಸುತ್ತಿ ತುರುಕಿ
ಮೇಲೆರಡು ಮರಳಿನ ಚೀಲ.
ಬಾಸ್ಕೆಟ್‌ಬಾಲ್ ಗೆರೆಗಳ ಮೇಲೆ ಆರು ಜನ
ಆ ತುದಿಯಿಂದ ಈ ತುದಿಗೆ.
ಫಿಂಟನ್ ನಕ್ಕ. ನಾನೂ ನಕ್ಕೆ.
ಬ್ರದರ್ ಗದರಲಿಲ್ಲ.
“ಎಡಗಾಲು ಮೊದಲು. ಕೆಳಗೆ ನೋಡಬೇಡಿ,
ಮುಂದಿನವನ ಕತ್ತು ನೋಡಿ. ಮತ್ತೊಮ್ಮೆ.”

ಮಂಗಳವಾರ ಬೆಳಿಗ್ಗೆ ಅಮ್ಮ ಟೈ ಕಟ್ಟುತ್ತ ಕೇಳಿದಳು:
ತೀರಿಕೊಂಡದ್ದು ಯಾರು?
ಗೊತ್ತಿಲ್ಲ ಅಂದೆ.
ಕಟ್ಟಿದ ಗಂಟು ಬಿಚ್ಚಿ ಮೊದಲಿಂದ ಕಟ್ಟಿದಳು.

ಓರಿನ್ ಪ್ರುಶಿನ್ಸ್ಕಿ. ಎಪ್ಪತ್ತೊಂಬತ್ತು.
ಲಾಗ್ರೇಂಜ್ ಬೀದಿಯಲ್ಲಿ ಬಾಡಿಗೆಯ ಕೋಣೆ,
ಗಾಜಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ.
ವ್ಯಾನಿನವನ ಕಾಗದದಲ್ಲಿ ಇದ್ದದ್ದು ಇಷ್ಟೇ.
ಈರಿ ಸರೋವರದ ಕಡೆಯಿಂದ ಗಾಳಿ,
ಕೈಯೊಳಗೆ ಹಿಡಿಕೆ ಮಂಜುಗಡ್ಡೆ.
ನನ್ನ ಕಾಲಲ್ಲಿ ಅಣ್ಣನ ಬೂಟು, ಒಂದು ಅಳತೆ ದೊಡ್ಡದು,
ಹೆಜ್ಜೆಗೊಮ್ಮೆ ಹಿಮ್ಮಡಿ ಕಳಚಿಕೊಳ್ಳುತ್ತಿತ್ತು.

ಮರಳು ಅಲುಗುವುದಿಲ್ಲ.
ಇವನು ಅಲುಗಿದ.
ಒದ್ದೆ ಹುಲ್ಲಿನ ಇಳಿಜಾರಿನಲ್ಲಿ, ಒಂದಿಷ್ಟೇ,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ,
ಅಷ್ಟೂ ಭಾರ ನನ್ನ ಮಣಿಕಟ್ಟಿಗೆ ಬಂತು.
ಮುಂದೆ ಫಿಂಟನ್ನನ ಕತ್ತು ಕೆಂಪಗಿತ್ತು.
ನಗುವಿನಿಂದಲ್ಲ.

ಫಾದರ್ ಒಬಿಯೋರಾ ಓದುವಾಗ ಗಾಳಿ ಎರಡು ಪುಟ ಮಗುಚಿತು.
ಕೇಳುತ್ತಿದ್ದದ್ದು ನಾವಾರು ಜನ, ಬ್ರದರ್, ಗುಂಡಿ ತೋಡಿದಾತ.
ಆದರೂ ಅವರು ಹಿಂದಕ್ಕೆ ಹೋಗಿ
ಬಿಟ್ಟುಹೋದ ಸಾಲುಗಳನ್ನು ಓದಿ ಮುಗಿಸಿದರು.

ಆಮೇಲೆ ಅವಳು ಬಂದಳು, ಓಡುನಡಿಗೆಯಲ್ಲಿ,
ಸಿಟಿ ಬಸ್ಸಿನ ಸಮವಸ್ತ್ರದ ಕೋಟು ತೊಟ್ಟು.
“ಪ್ರತಿ ಬುಧವಾರ ನನ್ನ ಬಸ್ಸಿಗೇ ಹತ್ತುತ್ತಿದ್ದ.
ಚಿಲ್ಲರೆ ಎಣಿಸಿಕೊಂಡೇ ಬರುತ್ತಿದ್ದ.
ಮೂರು ವಾರ ಕಾಣಲಿಲ್ಲ, ಅಲ್ಲಿ ಇಲ್ಲಿ ವಿಚಾರಿಸಿದೆ.”
ನನ್ನನ್ನು ನೋಡಿದಳು.
“ನೀನು ಮೊಮ್ಮಗನಾ?”

ಅಲ್ಲ ಅನ್ನಲು ಬಾಯಿ ತೆರೆದೆ.
ಎರಡೂವರೆ ತಾಸಿಗೆ ಬಂದವನು ಅನ್ನಬೇಕಿತ್ತು.
ಹೌದು ಅಂದುಬಿಟ್ಟೆ.
ಅವಳು ನನ್ನ ಬಲಗೈ ಹಿಡಿದುಕೊಂಡಳು,
ಹಿಡಿಕೆಯ ಬರೆ ಇನ್ನೂ ಇಳಿಯದ ಕೈ,
ಬಸ್ಸಿಗೆ ಹೊತ್ತಾಗುವವರೆಗೆ ಬಿಡಲಿಲ್ಲ.

ಶನಿವಾರ ಪಾಪನಿವೇದನೆಗೆ ಮೊಣಕಾಲೂರಿದೆ.
ಎರಡು ಸುಳ್ಳು, ಫಾದರ್. ಒಂದು ಸೇವೆಯ ಹಾಳೆಯಲ್ಲಿ,
ಒಂದು ಸ್ಮಶಾನದಲ್ಲಿ.
ಎರಡನ್ನೂ ಬಿಡಿಸಿ ಹೇಳಿದೆ.
ಜಾಲರಿಯಾಚೆ ಗುರುತಿನ ಕೆಮ್ಮು. ತುಸು ಹೊತ್ತು ಏನೂ ಇಲ್ಲ.
“ಮೊದಲನೆಯದನ್ನು ಹೊಡೆದುಹಾಕು,” ಅಂದರು.
ಎರಡನೆಯದರ ಮಾತೇ ಎತ್ತಲಿಲ್ಲ.

ಹಾಳೆಯಲ್ಲಿ ಕೊನೆಗೆರಡು ಕಲಮು.
ಸೇವೆ ಪಡೆದವರ ಸಹಿ:
ಅಲ್ಲಿ ಪೆನ್ನು ಊರಿ ಒಂದು ಚುಕ್ಕೆ ಬಿತ್ತು, ಹಾಗೇ ಬಿಟ್ಟೆ.
ಏನು ಕಲಿತೆ, ಮೂರು ಸಾಲಿನಲ್ಲಿ:
ಎಡಗಾಲು ಮೊದಲು.
ಕೆಳಗೆ ನೋಡಬಾರದು.
ಪ್ರುಶಿನ್ಸ್ಕಿ ಬುಧವಾರ ಬಸ್ಸಿಗೆ ಹೋಗುತ್ತಿದ್ದರು.

ನಾಲ್ಕು ಕಳೆದು ಎರಡೂವರೆ ಕೂಡಿಸಿದೆ.
ಒಟ್ಟು ಹತ್ತು.
ಹೋದ ತಿಂಗಳಿಗಿಂತ ಕಡಿಮೆ.