ಮಾಮೂಲ್‌ಪೇಟೆಯ ಮೂಗು

ಗುಂಡಯ್ಯ ಶೆಟ್ಟರ ಗ್ರಂದಿಗೆ ಅಂಗಡಿಯಲ್ಲಿ
ನೂರಾ ಹನ್ನೆರಡು ಡ್ರಾ,
ಒಂದಕ್ಕೂ ಚೀಟಿಯಿರಲಿಲ್ಲ.
ಚೀಟಿ ಯಾಕೆ, ಘೌಸ್ ಸಾಬರಿದ್ದರಲ್ಲ,
ಕಣ್ಣು ಮುಚ್ಚಿ ನಡೆದರೂ ಮೂಗು ಕೈಹಿಡಿದು
ಅಳಲೆಯ ಮುಂದೆ ನಿಲ್ಲಿಸುತ್ತಿತ್ತು, ತಾರೆಯ ಮುಂದೆ ನಿಲ್ಲಿಸುತ್ತಿತ್ತು.
ಹಳೆಯ ಹಿಪ್ಪಲಿ ಬೆರೆಸಿದ ಮೂಟೆಯನ್ನು
ಬಿಚ್ಚುವ ಮೊದಲೇ ವಾಪಸು ಕಳಿಸಿದವರು.

ನಾನು ಇಲ್ಲಿಗೆ ಬಂದದ್ದು ಲೆಕ್ಕ ಬರೆಯಲು.
ಆ ವರ್ಷ, ಎರಡನೇ ಅಲೆಯ ವರ್ಷ,
ಅರ್ಧ ಎಳೆದ ಷಟರಿನ ಕೆಳಗೆ
ಕೈಗಳಷ್ಟೇ ಬರುತ್ತಿದ್ದವು, ಮುಖಗಳಿಲ್ಲ.
ಅಮೃತಬಳ್ಳಿ ಕೊಡಿ, ಜ್ಯೇಷ್ಠಮಧು ಕೊಡಿ,
ಮೊಬೈಲಿಗೆ ಯಾರೋ ಕಳಿಸಿದ್ದು, ಓದಿ ನೋಡಿ, ಅದೆಲ್ಲ ಕೊಡಿ.
ಸಾಬರು ತೂಗಿದರು, ತೂಗಿದರು.
“ವಾಸಿಯಾಗ್ತದಾ?” ಅಂದವರಿಗೆ
“ಗಂಟಲಿಗೆ ಹಿತ. ಉಸಿರು ಕಟ್ಟಿದರೆ ವಿಕ್ಟೋರಿಯಾಕ್ಕೆ ಓಡಿ”
ಅಂತ ಪೊಟ್ಟಣಕ್ಕೆ ದಾರ ಸುತ್ತುತ್ತಲೇ ಹೇಳಿದರು.
ಆಮೇಲೆ ಒಂದು ಮಂಗಳವಾರ
ಇಂಗಿನ ಡಬ್ಬಿ ತೆರೆದು
ಬಹಳ ಹೊತ್ತು ಅದರೊಳಗೆ ನೋಡುತ್ತ ನಿಂತರು.
ಇಂಗು!

ಜ್ವರ ಹೋಯಿತು. ಕೆಮ್ಮು ಹೋಯಿತು.
ಮೂಗು ಬರಲಿಲ್ಲ.

ಡ್ರಾಗಳಿಗೆ ನಾನು ಚೀಟಿ ಅಂಟಿಸಿದೆ.
ಅವರು ಅದನ್ನು ನೋಡುವುದಿಲ್ಲ.
ಬೆರಳಲ್ಲಿ ಗಂಟು ಎಣಿಸಿ, ಹಲ್ಲಲ್ಲಿ ಕಚ್ಚಿ,
ಅದಕ್ಕೂ ದಕ್ಕದಿದ್ದರೆ ನನ್ನನ್ನು ಕರೆಯುತ್ತಾರೆ:
“ಬೇಟಿ, ಇದು ಏನಂತದೆ?”

ಬಜೆ, ಬಾಣಂತಿ ಕೋಣೆಯ ಬಾಗಿಲು ತೆರೆದ ಹಾಗೆ, ಅಂದೆ.
ಕಚೋರ, ಮಡಚಿಟ್ಟು ಮರೆತ ಮದುವೆ ಸೀರೆ.
ಲಾವಂಚಕ್ಕೆ ಏನೂ ತೋಚದೆ
ಲಾವಂಚ, ಅಂದೆ.
“ಅದು ಸರಿ,” ಅಂದರು.

ನಿನ್ನೆ ಬಂದಳು ಲಗ್ಗೆರೆಯ ಚಿಕ್ಕತಾಯಮ್ಮ,
ಬೆಳಗಿನ ಬೀದಿ ಗುಡಿಸಿ, ಪಾಲಿಕೆಯ ಹಸಿರು ಕೋಟಿನಲ್ಲೇ
ನೇರ ಬಸ್ಸು ಹತ್ತಿದವಳು.
ಸೆರಗಿನ ಗಂಟು ಬಿಚ್ಚಿದರೆ
ಸಾಣೆಕಲ್ಲಿಗೆ ತೇಯ್ದು ತೇಯ್ದು
ಕಡಲೆಕಾಳಿನಷ್ಟು ಉಳಿದ ಕಪ್ಪು ಗೆಡ್ಡೆ.
“ಕೂಸು ಹೊಟ್ಟೆನೋವಿಗೆ ಅತ್ತರೆ ನಮ್ಮತ್ತೆ
ಇದನ್ನ ಎರಡು ಸುತ್ತು ತೇಯ್ತಿದ್ಲು.
ಹೆಸರು ಹೇಳದೇನೇ ಹೋಗ್ಬಿಟ್ಲು.
ಈಗ ಮೊಮ್ಮಗಳು ಬಂದವ್ಳೆ.
ಜಾಸ್ತಿ ಬ್ಯಾಡ, ಎರಡು ಸುತ್ತಿಗಾಗೋಷ್ಟು.”

ಸಾಬರು ಮುಟ್ಟಿದರು. ಮುಟ್ಟಲು ಏನೂ ಉಳಿದಿರಲಿಲ್ಲ.
ನಾಲಿಗೆಗಿಟ್ಟರು. ತಲೆಯಾಡಿಸಿದರು.
ನನ್ನತ್ತ ಚಾಚಿದರು.

ಮಣ್ಣು, ಅಂದೆ.
“ಯಾವ ಮಣ್ಣು?”
ಹಸಿ ಮಣ್ಣು.
“ಯಾವ ಹಸಿ?”
ಕೇಬಲ್ಲಿನವರು ಈಗಷ್ಟೇ ಅಗೆದು ಹೋದ ಗುಂಡಿಯದು,
ಅದರ ಕೆಳಗೆ ಎಲ್ಲೋ, ತಡೀರಿ,
ಕರ್ಪೂರ, ಹಚ್ಚಿದ್ದಲ್ಲ,
ಹಚ್ಚುವ ಮೊದಲು ಬೆರಳಿಗೆ ಅಂಟಿದ್ದು.

“ಕೊನ್ನಾರಿ,” ಅಂದರು.
ಎಪ್ಪತ್ತಾರನೆಯ ಡ್ರಾಗೆ ಆಗಲೇ ಕೈ ಹೋಗಿತ್ತು.

ಇಡೀ ಗೆಡ್ಡೆಯನ್ನು ತಿರುಗಿಸಿ, ಅದರ ನವಿರು ಬೇರು ನೋಡಿ
ಚಿಕ್ಕತಾಯಮ್ಮ ನಗತೊಡಗಿದಳು,
ಕೋಟಿನ ಗುಂಡಿ ಕುಣಿಯುವಷ್ಟು:
“ಅಯ್ಯೋ ನಮ್ಮಪ್ಪಾ, ಇದು ಜೇಕು!
ಫುಟ್‌ಪಾತಿನ ಕಲ್ಸಂದೀಲಿ ದಿನಾ ಕೀಳೋದು ಇದನ್ನೇಯ.
ಕಿತ್ತಷ್ಟೂ ಬತ್ತದೆ. ಮೇಸ್ತ್ರಿ ತಾವ ನಾನು ಬೈಸ್ಕೊಳ್ಳೋದು ಇದಕ್ಕೇಯ.”
“ಅಲ್ಲಿಂದ ಕೀಳಬೇಡಮ್ಮ,” ಅಂದರು ಸಾಬರು,
“ಅಲ್ಲಿ ನಾಯಿ, ಚರಂಡಿ. ಇದನ್ನೇ ಒಯ್ಯಿ.
ಕೂಸಿಗೆ ಎಷ್ಟು ತಿಂಗಳು? ಎರಡಾ?
ಹಾಗಾದರೆ ಮೊದಲು ಡಾಕ್ಟರಿಗೆ ತೋರಿಸು.”
ಹತ್ತು ರೂಪಾಯಿ. ಅವಳು ಐನೂರರ ನೋಟು ತೆಗೆದಳು,
ನಮ್ಮಲ್ಲಿ ಚಿಲ್ಲರೆ ಇರಲಿಲ್ಲ.
ಶೆಟ್ಟರು ಕೈಬೀಸಿ, ಹೋಗು ಹೋಗು, ಅಂದರು.

ಅವಳು ಬಿಟ್ಟುಹೋದ ಆ ಕಾಳಿನಷ್ಟು ಕಪ್ಪನ್ನು
ಸಾಬರು ಮೂಗಿಗೆ ಹಿಡಿದು ಕೂತಿದ್ದರು,
ಹೊರಗೆ ಹಮಾಲಿಗಳು ದಾರಿ ದಾರಿ ಎಂದು ಕೂಗುತ್ತಿದ್ದರು.
“ಬೇಟಿ, ಆ ಕರ್ಪೂರ,
ಮೊದಲೇ ಬಂತಾ, ಕೊನೆಗೆ ಬಂತಾ?”
ಕೊನೆಗೆ, ಅಂದೆ.
“ಹೂಂ. ಅದು ಯಾವಾಗಲೂ ತಡವಾಗೇ ಬರೋದು.”